ಹೋದ ಕರೆಂಟು ಬರುವ ದಾರಿ

ನಮ್ಮ ಗ್ಯಾರೇಜಿನಲ್ಲಿದ್ದದ್ದು ಒಂದೇ ಬಲ್ಬು, ಸೂರಿನ ನಟ್ಟನಡುವೆ. ಕಾರಿನ ಬಾನೆಟ್ ಎತ್ತಿದರೆ ಅದೇ ಬೆಳಕಿಗೆ ಅಡ್ಡ. ಗೋಡೆಯ ಕಡೆಯ ಮೇಜಿಗೆ ಬಗ್ಗಿದರೆ ನನ್ನ ತಲೆಯ ನೆರಳೇ ಕೆಲಸದ ಮೇಲೆ. ಪವರ್ ಬರುತ್ತಿದ್ದದ್ದು ಮನೆಯೊಳಗಿನಿಂದ ಕಿಟಕಿ ದಾಟಿ, ಎಕ್ಸ್‌ಟೆನ್ಷನ್ ವೈರಿನಲ್ಲಿ. ಒಂದು ದಿನ ಅದರ ಸುರುಳಿ ಬಿಚ್ಚದೆಯೇ ಕಂಪ್ರೆಸರ್ ಓಡಿಸಿದ್ದೆ. ಮುಟ್ಟಿ ನೋಡಿದರೆ ಇಸ್ತ್ರಿ ಪೆಟ್ಟಿಗೆಯಂತೆ ಕಾದಿತ್ತು. ಹೆದರಿ ಎಲೆಕ್ಟ್ರಿಷಿಯನ್‌ನನ್ನು ಕರೆದೆ.

ಪ್ಲಗ್‌ಗಳಿಗೆ 2.5 ಚದರ ಮಿಲಿಮೀಟರಿನ ತಾಮ್ರದ ವೈರು, ದೀಪಗಳಿಗೆ 1.5. ಎರಡಕ್ಕೂ ಬೇರೆ ಬೇರೆ ಎಂಸಿಬಿ, ಅಂದರೆ ಲೋಡ್ ಮೀರಿದರೆ ತಾನೇ ಬಿದ್ದು ಕರೆಂಟು ಕಡಿಯುವ ಸ್ವಿಚ್: ಲೋಡ್ ಹೆಚ್ಚಾಗಿ ಪ್ಲಗ್ಗಿನದು ಬಿದ್ದರೂ ತಿರುಗುತ್ತಿರುವ ಬ್ಲೇಡಿನ ಮುಂದೆ ಕತ್ತಲಾಗಬಾರದು. ಪ್ಲಗ್ ಪಾಯಿಂಟ್‌ಗಳನ್ನು ಸೊಂಟದೆತ್ತರಕ್ಕೆ ಗುರುತು ಹಾಕಿದ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲದಲ್ಲೇ ತಂಗುತ್ತದೆ. ಅಲ್ಲಿ ಕಿಡಿ ಹಾರಬಾರದು. ಟ್ಯೂಬುಗಳು ಮೂರು, ಕಾರಿನ ಎಡಬಲಕ್ಕೊಂದು, ಮೇಜಿನ ನೆತ್ತಿಯ ಮೇಲೊಂದು. ಎಲ್ಲಕ್ಕೂ ಕಾವಲಾಗಿ, ಕರೆಂಟು ಸೋರಿದರೆ ತಾನೇ ಬೀಳುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ.

ನಾನೂ ಕೈಜೋಡಿಸುತ್ತೇನೆ ಎಂದೆ. ಆತ ಅರೆಮನಸ್ಸಿನಿಂದ ಒಪ್ಪಿ, ಮೇನ್ ಆಫ್ ಮಾಡಿ, ಹಳೆಯ ಬಲ್ಬಿನ ಜಂಕ್ಷನ್ ಬಾಕ್ಸನ್ನು ನನಗೆ ಬಿಟ್ಟ.

ಸಂಜೆ ಮೇನ್ ಹಾಕಿದೆವು. ಪ್ಲಗ್‌ಗಳು ಸರಿ. ದೀಪದ ಸ್ವಿಚ್ ಒತ್ತಿದೆ; ಟಪ್! ಆರ್‌ಸಿಸಿಬಿ ಬಿತ್ತು. ಮತ್ತೆ ಎತ್ತಿದರೆ ಮತ್ತೆ ಟಪ್. ಟ್ಯೂಬೇ ಕೆಟ್ಟಿರಬೇಕು ಎಂದು ಒಂದೊಂದನ್ನೇ ಕಳಚಿಸಿದೆ. ಪಾಪ, ಅವುಗಳ ತಪ್ಪೇನೂ ಇರಲಿಲ್ಲ.

ಆತ ಮೇನ್ ಇಳಿಸಿ ಏಣಿ ಹತ್ತಿ ಬಾಕ್ಸಿನ ಮುಚ್ಚಳ ತೆಗೆದ. ಕರೆಂಟು ತರುವ ಫೇಸ್ ವೈರು ಹೊಸದು. ಆದರೆ ಅದನ್ನು ವಾಪಸು ಒಯ್ಯುವ ಟ್ಯೂಬುಗಳ ನ್ಯೂಟ್ರಲ್ಲನ್ನು ನಾನು ಮನೆಯ ಹಳೆಯ ನ್ಯೂಟ್ರಲ್ಲಿಗೇ ತಿರುಚಿ, ಮೇಲೆ ಟೇಪು ಸುತ್ತಿಟ್ಟಿದ್ದೆ. ಎರಡೂ ಕಪ್ಪು ವೈರು, ನೋಡಲು ಅಣ್ಣತಮ್ಮಂದಿರಂತೆ.

“ಸರ್, ಆರ್‌ಸಿಸಿಬಿ ಲೆಕ್ಕದ ಗುಮಾಸ್ತ ಇದ್ದ ಹಾಗೆ. ತನ್ನ ಮೂಲಕ ಹೋದ ಕರೆಂಟು ತನ್ನ ಮೂಲಕವೇ ವಾಪಸು ಬರಬೇಕು. ನೀವು ಅದನ್ನು ಹಿಂಬಾಗಿಲಿನಿಂದ ಕಳುಹಿಸಿದ್ದೀರಿ.”

ಮೂರು ಟ್ಯೂಬು ಎಳೆಯುವುದು ಸುಮಾರು ಕಾಲು ಆಂಪಿಯರ್, ಅಂದರೆ 250 ಮಿಲಿಆಂಪಿಯರ್. ಹೋದದ್ದಕ್ಕೂ ಬಂದದ್ದಕ್ಕೂ ಆರ್‌ಸಿಸಿಬಿ ಸಹಿಸುವ ವ್ಯತ್ಯಾಸದ ಮಿತಿ 30. ಬೀಳದೆ ಏನು ಮಾಡೀತು?

ಆತ ಹಳೆಯ ನ್ಯೂಟ್ರಲ್ಲನ್ನು ಬಿಡಿಸಿ, ತುದಿಗೆ ಕ್ಯಾಪ್ ಹಾಕಿ, ಹೊಸದನ್ನು ಸ್ಕ್ರೂ ಕನೆಕ್ಟರಿನಲ್ಲಿ ಬಿಗಿದ. ಇನ್ನೆರಡು ಬಾಕ್ಸ್ ಬಾಕಿ ಇದ್ದವು. ಅವನ್ನು ನನಗೆ ಕೊಡಲಿಲ್ಲ. ನಾನೂ ಕೇಳಲಿಲ್ಲ, ಏಣಿ ಹಿಡಿದುಕೊಂಡು ನಿಂತೆ.