ಕಿಟ್ ಇಲ್ಲದೆ ಒಂದು ಪೆನ್ನು: ಕೆಲಸದ ದಿನಚರಿ

ದಿನ 1

ಕೈಯಿಂದ ಫೌಂಟನ್ ಪೆನ್ನು ಮಾಡುವ ಸ್ಪರ್ಧೆಗೆ ಹೆಸರು ಕೊಟ್ಟಾಯಿತು. ನಿಯಮ ಚಿಕ್ಕದು. ನಿಬ್, ಅದರ ಕೆಳಗಿನ ನಾಲಿಗೆ, ಅವೆರಡನ್ನೂ ಹಿಡಿದಿಡುವ ಗೂಡು, ಇಂಕು ತುಂಬುವ ಕನ್ವರ್ಟರ್, ಇಷ್ಟನ್ನು ಮಾತ್ರ ಕೊಂಡು ತರಬಹುದು. ಉಳಿದದ್ದೆಲ್ಲ ಕೈಯಿಂದಲೇ ಆಗಬೇಕು. ಕಿಟ್‌ನ, ಅಂದರೆ ಸಿದ್ಧ ಬಿಡಿಭಾಗಗಳ ಪೊಟ್ಟಣದ, ಒಂದು ಚಿಕ್ಕ ಉಂಗುರವೂ ಒಳಗೆ ಬರುವಂತಿಲ್ಲ. ಐದು ವಾರ ಸಮಯ ಇದೆ.

ಇಲ್ಲಿಯ ತನಕ ನಾನು ಮಾಡಿದ್ದೆಲ್ಲ ಕಿಟ್ ಪೆನ್ನುಗಳೇ. ಮರದ ತುಂಡಿಗೆ ತೂತು ಕೊರೆದು, ಒಳಗೆ ಹಿತ್ತಾಳೆ ಕೊಳವೆ ಅಂಟಿಸಿ, ಎರಡು ತುದಿಯ ಬುಷ್‌ಗಳ (ದಪ್ಪ ತೋರಿಸುವ ಉಂಗುರಗಳ) ಅಳತೆಗೆ ಬರುವ ತನಕ ಲೇತ್‌ನಲ್ಲಿ ಕಡೆದು, ಉಳಿದ ಭಾಗಗಳನ್ನು ಒತ್ತಿ ಕೂರಿಸುವುದು. ಅದರಿಂದ ತುಂಬ ಕಲಿತೆ. ಆದರೆ ಪೆನ್ನು ಎಷ್ಟು ದಪ್ಪ ಇರಬೇಕು, ಕ್ಯಾಪ್ ಹೇಗೆ ಮುಚ್ಚಬೇಕು, ಬೆರಳು ಎಲ್ಲಿ ಕೂರಬೇಕು ಅನ್ನೋದನ್ನೆಲ್ಲ ಕಿಟ್ ಮಾಡಿದವರು ಮೊದಲೇ ತೀರ್ಮಾನ ಮಾಡಿರುತ್ತಾರೆ. ಈ ಸಲ ಆ ತೀರ್ಮಾನಗಳು ನನ್ನವು. ಅದಕ್ಕಾಗಿಯೇ ಸೇರಿದ್ದು.

ಸಾಮಾನು: ಎಬೊನೈಟ್ ರಾಡ್, 18 ಮಿ.ಮೀ. ದಪ್ಪ, ಕಪ್ಪು ಮೈಯಲ್ಲಿ ಕೆಂಪು ಅಲೆಗಳು. ಎಬೊನೈಟ್ ಅಂದರೆ ಗಂಧಕವನ್ನು ಜಾಸ್ತಿ ಸೇರಿಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ನೆಲ್ಸನ್ ಗುಡ್‌ಇಯರ್ 1851ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಮುಂದೆ ಎಷ್ಟೋ ವರ್ಷ ಫೌಂಟನ್ ಪೆನ್ನು ಅಂದರೆ ಬಹುಪಾಲು ಇದರದ್ದೇ. ಉಳಿ ತಾಗಿದ ಕೂಡಲೇ ಗಂಧಕದ ವಾಸನೆ ಬರುತ್ತದೆ. ಕೆಲವರಿಗೆ ಅದು ಸಹಿಸದು. ನನಗೆ ಇಷ್ಟ.

ದಿನ 2 ಮತ್ತು 3

ಲೇತ್ ಮುಟ್ಟಲೇ ಇಲ್ಲ. ಎರಡು ಸಂಜೆ ಕಾಗದದ ಮೇಲೇ ಕಳೆದವು.

ಮೊದಲು ಹೊರಗಿನ ಆಕಾರ ಬರೆದೆ. ಅದು ತಪ್ಪು ದಾರಿ ಅಂತ ಅರ್ಧ ಗಂಟೆಯಲ್ಲೇ ಗೊತ್ತಾಯಿತು. ಪೆನ್ನಿನ ಅಳತೆ ಒಳಗಿನಿಂದ ಹೊರಗೆ ಬರಬೇಕು. ನಿಬ್‌ನ ಗೂಡಿನ ಥ್ರೆಡ್ (ತಿರುಪಿನ ಎಳೆ) 7.4 ಮಿ.ಮೀ., ಪಿಚ್, ಅಂದರೆ ಎಳೆಯಿಂದ ಎಳೆಗೆ ಇರುವ ದೂರ, 0.5. ಅದು ನನ್ನ ಕೈಯಲ್ಲಿಲ್ಲ, ಗೂಡು ಮಾಡಿದವರು ಇಟ್ಟದ್ದು. ಅದರ ಸುತ್ತ ಗೋಡೆ ಸೇರಿಸಿದರೆ ಸೆಕ್ಷನ್, ಅಂದರೆ ಬೆರಳಿಡುವ ಭಾಗ, 10 ಮಿ.ಮೀ.ಗಿಂತ ತೆಳ್ಳಗೆ ಮಾಡಲು ಧೈರ್ಯ ಬರುವುದಿಲ್ಲ. ಸೆಕ್ಷನ್ ಒಳಗೆ ಹೋಗುವಂತೆ ಕ್ಯಾಪ್‌ನ ತೂತು. ಆ ತೂತಿನ ಸುತ್ತ ಗೋಡೆ. ಹೀಗೆ ಒಂದರ ಮೇಲೊಂದು ಕೂಡಿಸುತ್ತಾ ಹೋದರೆ ಕ್ಯಾಪ್ 15.5 ಮಿ.ಮೀ.ಗೆ ಬಂದು ನಿಂತಿತು.

ಕ್ಯಾಪ್ ಥ್ರೆಡ್‌ಗೆ 13 ಮಿ.ಮೀ.ನ ಮೂರೆಳೆಯ ಟ್ಯಾಪ್ ಮತ್ತು ಡೈ ಇಟ್ಟುಕೊಂಡಿದ್ದೇನೆ, ಪಿಚ್ 0.8. ಟ್ಯಾಪ್ ತೂತಿನ ಒಳಗೆ ಎಳೆ ಕೊರೆಯುತ್ತದೆ, ಡೈ ರಾಡ್‌ನ ಹೊರಗೆ. ಮಾಮೂಲಿ ಬೋಲ್ಟ್‌ನಲ್ಲಿ ಒಂದೇ ಎಳೆ ಸುತ್ತಿಕೊಂಡು ಹೋಗಿರುತ್ತದೆ. ಇದರಲ್ಲಿ ಮೂರು ಎಳೆ ಪಕ್ಕಪಕ್ಕದಲ್ಲೇ ಸುತ್ತುತ್ತವೆ. ಹಾಗಾಗಿ ಒಂದು ಸುತ್ತು ತಿರುಗಿಸಿದರೆ ಕ್ಯಾಪ್ 2.4 ಮಿ.ಮೀ. ಮುಂದೆ ಹೋಗುತ್ತದೆ. ಒಂದೂವರೆ ಸುತ್ತಿಗೆ ಪೆನ್ನು ತೆರೆದುಕೊಳ್ಳುತ್ತದೆ. ಒಂದೇ ಎಳೆಯಾದರೆ ನಾಲ್ಕೂವರೆ ಸುತ್ತು ಬೇಕು. ದಿನಕ್ಕೆ ಇಪ್ಪತ್ತು ಸಲ ತೆರೆಯುವ ಪೆನ್ನಿಗೆ ಅದು ಹಿಂಸೆ.

ದಿನ 6

ಸೆಕ್ಷನ್ ಆಯಿತು. 6.9 ಮಿ.ಮೀ. ಡ್ರಿಲ್, ಆಮೇಲೆ ಟ್ಯಾಪ್. ಲೇತ್ ನಿಲ್ಲಿಸಿ, ತುಂಡನ್ನು ಹಿಡಿದಿರುವ ಚಕ್ ಅನ್ನು ಕೈಯಲ್ಲೇ ತಿರುಗಿಸಿದೆ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಪುಡಿ ಬಿಟ್ಟುಕೊಳ್ಳುವುದು ಕೈಗೇ ತಿಳಿಯುತ್ತದೆ, ಬಿಗಿ ಸಡಿಲವಾದ ಹಾಗೆ. ಅವಸರ ಮಾಡಿದರೆ 0.5 ಪಿಚ್‌ನ ಸಣ್ಣ ಹಲ್ಲುಗಳು ಪುಡಿಯಾಗಿ ಹೋಗುತ್ತವೆ.

ಬೆರಳಿಡುವ ಕಡೆ ಸ್ವಲ್ಪ ಬಳುಕು ಕೊಟ್ಟೆ, ತುದಿಯಲ್ಲಿ ಸಣ್ಣ ಏರು. ಕಣ್ಣು ಮುಚ್ಚಿ ಹಿಡಿದು ನೋಡಿದೆ. ಏರು ಚುಚ್ಚಿತು. ಎರಡು ಸಲ ತೆಗೆದು ಹಿಡಿದು ನೋಡಿದ ಮೇಲೆ ಬೆರಳು ಎಲ್ಲೂ ನಿಲ್ಲದೆ ಜಾರಿ ತನ್ನ ಜಾಗಕ್ಕೆ ಬಂದು ಕೂತಿತು. ಆ ಏರಿನ ಎತ್ತರ ಅಳೆದು ನೋಡಲಿಲ್ಲ. ಅಳೆಯಬೇಕು ಅನ್ನಿಸಲೂ ಇಲ್ಲ.

ದಿನ 9

ಬ್ಯಾರೆಲ್‌ನ, ಅಂದರೆ ಸೆಕ್ಷನ್ ಹಿಂದಿನ ಉದ್ದ ಕೊಳವೆಯ, ಬಾಯಿ ಮುರಿಯಿತು.

ಹೊರಗಿನ ಥ್ರೆಡ್ ಹಾಕುವಾಗ ಡೈ ಮೂರನೇ ಸುತ್ತಿಗೆ ಬಿಗಿಯಿತು. ಸ್ವಲ್ಪ ಒತ್ತಿದೆ. ಟಕ್ ಅಂದಿತು. ಬಾಯಿಯ ಉಂಗುರ ಪೂರ್ತಿ ಡೈ ಒಳಗೇ ಉಳಿಯಿತು, ಬ್ಯಾರೆಲ್ ನನ್ನ ಕೈಗೆ ಬಂತು. ಮುರಿದ ಅಂಚು ಕನ್ನಡಿಯಂತೆ ನುಣ್ಣಗಿತ್ತು. ಆ ಜಾಗದ ಗೋಡೆಯನ್ನು ವರ್ನಿಯರ್ ಅಳತೆಗೋಲಿನಲ್ಲಿ ಹಿಡಿದೆ: 1 ಮಿ.ಮೀ.

ಸುಮ್ನೆ ಕೂತು ಲೆಕ್ಕ ಹಾಕಿದೆ. ಪೆನ್ನಿನಲ್ಲಿ ಎರಡೂ ಕಡೆ ಥ್ರೆಡ್ ಇರುವ ಜಾಗ ಅದೊಂದೇ. ಹೊರಗೆ ಕ್ಯಾಪ್‌ಗೆ, ಒಳಗೆ ಸೆಕ್ಷನ್‌ಗೆ. ಹೊರಗಿನ 13 ಮಿ.ಮೀ. ಥ್ರೆಡ್‌ನ ತಳ ಸುಮಾರು 12. ಒಳಗೆ ನಾನು ಹಾಕಿದ್ದು 10 ಮಿ.ಮೀ. ಥ್ರೆಡ್. ನಡುವೆ ಎರಡು ಮಿಲಿಮೀಟರ್, ಎರಡು ಬದಿಗೆ ಹಂಚಿದರೆ ಒಂದೊಂದು. ಕಾಗದದ ಮೇಲೆ ಈ ಲೆಕ್ಕ ಕಣ್ಣ ಮುಂದೆಯೇ ಇತ್ತು. 15.5 ಮಿ.ಮೀ. ದಪ್ಪದ ಪೆನ್ನು ಅಂತ ಕಂಡಾಗ ಅದರೊಳಗೆ 1 ಮಿ.ಮೀ. ಗೋಡೆ ಇರಬಹುದು ಅಂತ ಮನಸ್ಸಿಗೆ ಹೊಳೆಯುವುದಿಲ್ಲ, ಅಲ್ವಾ?

ಇನ್ನೊಂದು ತಪ್ಪು ಕೆಲಸದ ಕ್ರಮದ್ದು. ಒಳಗೆ ಕೊರೆದು ಪೊಳ್ಳು ಮಾಡಿದ ಮೇಲೆ ಹೊರಗೆ ಡೈ ಹಾಕಿದ್ದೆ. ಮೂರೆಳೆಯ ಡೈ ಒಂದೇ ಸಲಕ್ಕೆ ಮೂರು ಎಳೆ ಕತ್ತರಿಸುತ್ತದೆ, ಅದಕ್ಕೆ ತಿರುಚುವ ಬಲ ಜಾಸ್ತಿ ಬೇಕು. ಆ ಬಲವನ್ನು ಪೊಳ್ಳು ಉಂಗುರದ ಮೇಲೆ ಹಾಕಿದೆ.

ದಿನ 12

ಎರಡನೇ ಬ್ಯಾರೆಲ್. ಸೆಕ್ಷನ್ ಥ್ರೆಡ್ ಅನ್ನು 9 ಮಿ.ಮೀ.ಗೆ ಇಳಿಸಿದೆ, ಪಿಚ್ 0.75. ಈಗ ಬಾಯಿಯ ಗೋಡೆ ಒಂದೂವರೆ ಮಿಲಿಮೀಟರ್. ಇದಕ್ಕೆ ಸೆಕ್ಷನ್ ಅನ್ನೂ ಹೊಸದಾಗಿ ಮಾಡಬೇಕಾಯಿತು, ಅದರ ಹಿಂದಿನ ಕುತ್ತಿಗೆ ಮೊದಲಿಗಿಂತ ತೆಳ್ಳಗಾಯಿತು. ಒಂದು ಕಡೆ ಕೊಟ್ಟಿದ್ದನ್ನು ಇನ್ನೊಂದು ಕಡೆ ಕಿತ್ತುಕೊಂಡ ಹಾಗೆ. ಆದರೂ ಇದೇ ಸರಿ ಅನ್ನಿಸುತ್ತದೆ. ಸೆಕ್ಷನ್ ಬಿಚ್ಚುವುದು ಇಂಕು ತುಂಬುವಾಗ ಮಾತ್ರ. ಕ್ಯಾಪ್ ತಿರುಗಿಸುವುದು ದಿನವಿಡೀ. ಗಟ್ಟಿತನ ಬೇಕಾದದ್ದು ಬಾಯಿಗೆ.

ಈ ಸಲ ರಾಡ್ ಗಟ್ಟಿಯಾಗಿ ಇದ್ದಾಗಲೇ ಹೊರಗಿನ ಥ್ರೆಡ್ ಹಾಕಿದೆ. ಆಮೇಲೆ ಒಳಗೆ ಕೊರೆದೆ. ಡ್ರಿಲ್ ಅನ್ನು ಐದೈದು ಮಿಲಿಮೀಟರ್‌ಗೆ ಹೊರಗೆ ಎಳೆದು ಪುಡಿ ಒರೆಸಿದೆ. ತೂತಿನೊಳಗೆ ಬಿಸಿ ಸೇರಿದರೆ ಎಬೊನೈಟ್ ಹಿಗ್ಗಿ ಡ್ರಿಲ್ ಅನ್ನು ಹಿಡಿದುಕೊಳ್ಳುತ್ತದೆ. ಬಾಯಿ ಉಳಿಯಿತು.

ದಿನ 15 ರಿಂದ 21

ಇಡೀ ವಾರ ಕ್ಯಾಪ್.

ಕೆಂಪು ಅಲೆಗಳು ಬ್ಯಾರೆಲ್‌ನಿಂದ ಕ್ಯಾಪ್‌ಗೆ ಕಡಿಯದೆ ಹರಿದು ಹೋಗಬೇಕು ಅನ್ನೋದು ಮೊದಲ ದಿನದಿಂದಲೂ ಆಸೆ. ಅದಕ್ಕೇ ಎರಡನ್ನೂ ಒಂದೇ ರಾಡ್‌ನಲ್ಲಿ ಅಕ್ಕಪಕ್ಕ ಗುರುತು ಮಾಡಿ, ಕತ್ತರಿಸುವ ಮೊದಲು ಉದ್ದಕ್ಕೂ ಬಿಳಿ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದಿದ್ದೆ. ಮೊದಲ ಬ್ಯಾರೆಲ್ ಮುರಿದಾಗ ಆ ಜೋಡಿಯೂ ಹೋಯಿತು. ಎರಡನೇ ಬ್ಯಾರೆಲ್ ಕತ್ತರಿಸುವಾಗಲೇ ಅದರ ಪಕ್ಕದ ತುಂಡನ್ನು ಕ್ಯಾಪ್‌ಗೆ ಅಂತ ತೆಗೆದಿಟ್ಟಿದ್ದೆ.

ಈಗ ಮೂರೆಳೆಯ ಥ್ರೆಡ್‌ನ ಇನ್ನೊಂದು ಮುಖ ಕಾಣಿಸಿತು. ಎಳೆ ಮೂರು ಇರುವುದರಿಂದ ಕ್ಯಾಪ್ ಮೂರು ಜಾಗದಿಂದ ಒಳಗೆ ಹೋಗಬಲ್ಲದು. ಪ್ರತಿ ಸಲವೂ ಬೇರೆ ಕಡೆ ಬಂದು ನಿಲ್ಲುತ್ತದೆ, ಒಂದಕ್ಕೊಂದು 120 ಡಿಗ್ರಿ ದೂರ. ಅಂದರೆ ಮೂರರಲ್ಲಿ ಒಂದೇ ಒಂದು ಸಲ ಗೆರೆ ಕೂಡಬಹುದು. ಆ ಒಂದೂ ತಾನಾಗಿ ಕೂಡುವುದಿಲ್ಲ. ಮೊದಲ ಸಲ ಮುಚ್ಚಿದಾಗ ಮೂರರಲ್ಲಿ ಹತ್ತಿರದ್ದು ಗೆರೆಗಿಂತ 45 ಡಿಗ್ರಿ ಹಿಂದೆಯೇ ನಿಂತಿತು.

ಇಲ್ಲಿ ಲೆಕ್ಕ ಕೈ ಹಿಡಿಯಿತು. 2.4 ಮಿ.ಮೀ. ಹೋದರೆ ಒಂದು ಸುತ್ತು, 360 ಡಿಗ್ರಿ. ಹಾಗಾದರೆ 0.1 ಮಿ.ಮೀ.ಗೆ 15 ಡಿಗ್ರಿ. ಕ್ಯಾಪ್‌ನ ಅಂಚಿನಿಂದ 0.3 ಮಿ.ಮೀ. ಸವರಿದರೆ ಕ್ಯಾಪ್ ಅಷ್ಟೇ ಮುಂದೆ ಹೋಗಿ, 45 ಡಿಗ್ರಿ ಹೆಚ್ಚು ತಿರುಗಿ ನಿಲ್ಲಬೇಕು. ಮೊದಲು 0.2 ತೆಗೆದೆ. ಮುಚ್ಚಿದೆ. ಗೆರೆ 15 ಡಿಗ್ರಿ ಹಿಂದೆ. ಮತ್ತೆ 0.05. ಮತ್ತೆ ಮುಚ್ಚಿದೆ. ಕೊನೆಯ 0.05 ಅನ್ನು ಲೇತ್‌ನಲ್ಲಿ ತೆಗೆಯಲಿಲ್ಲ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಅಂಚನ್ನು ಎಂಟರ ಆಕಾರದಲ್ಲಿ ಉಜ್ಜಿದೆ, ನಾಲ್ಕು ಸಲ ಉಜ್ಜುವುದು, ಒಂದು ಸಲ ಮುಚ್ಚಿ ನೋಡುವುದು. ಬಿಳಿ ಗೆರೆ ಬಿಳಿ ಗೆರೆಗೆ ಬಂದು ತಾಗಿದಾಗ ಕೆಂಪು ಅಲೆ ಜೋಡಣೆಯ ಮೇಲೆ ನಿಲ್ಲದೆ ದಾಟಿ ಹೋಯಿತು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಯಾರೂ ಇರಲಿಲ್ಲ. ಯಾರಿಗಾದರೂ ತೋರಿಸಬೇಕು ಅಂತ ತುಂಬ ಅನ್ನಿಸಿತು.

ನಡುವೆ ಬ್ಯಾರೆಲ್ ಥ್ರೆಡ್‌ನ ಉದ್ದಕ್ಕೆ ಹೋದ 7 ಮಿ.ಮೀ. ಮತ್ತು ಗರಗಸ ತಿಂದದ್ದು ಬಿಟ್ಟರೆ ಅಲೆಯಲ್ಲಿ ಏನೂ ಕಾಣೆಯಾಗಿಲ್ಲ. ಹತ್ತಿರದಿಂದ ನೋಡಿದರೆ ಒಂದು ಅಲೆ ಕೂದಲೆಳೆಯಷ್ಟು ಕುಪ್ಪಳಿಸಿದೆ. ಅದು ಇರಲಿ.

ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಕ್ಯಾಪ್‌ನ ಒಳಗೆ ಒಂದು ಮೆಟ್ಟಿಲು ಇದೆ. ಕ್ಯಾಪ್ ಮುಚ್ಚಿದಾಗ ಸೆಕ್ಷನ್‌ನ ತುದಿ ಆ ಮೆಟ್ಟಿಲಿಗೆ ಒತ್ತಿಕೊಂಡು ನಿಬ್‌ಗೆ ಗಾಳಿ ಬರದ ಹಾಗೆ ತಡೆಯಬೇಕು. ಇಲ್ಲದಿದ್ದರೆ ರಾತ್ರಿ ಬೆಳಗಾಗುವುದರೊಳಗೆ ನಿಬ್ ಮೇಲಿನ ಇಂಕು ಒಣಗುತ್ತದೆ. ಕ್ಯಾಪ್ 0.3 ಮಿ.ಮೀ. ಮುಂದೆ ಹೋದ ಮೇಲೆ ಸೆಕ್ಷನ್ ಮೊದಲೇ ಮೆಟ್ಟಿಲಿಗೆ ತಾಗಿ, ಕ್ಯಾಪ್‌ನ ಅಂಚು ಬ್ಯಾರೆಲ್‌ಗೆ ತಾಗುವ ಮೊದಲೇ ಬಿಗಿಯಾಗತೊಡಗಿತು. ಮೆಟ್ಟಿಲನ್ನೂ ಅಷ್ಟೇ ಒಳಗೆ ತಳ್ಳಬೇಕಾಯಿತು. 60 ಮಿ.ಮೀ. ಆಳದ ತೂತಿನೊಳಗೆ, ಕಣ್ಣಿಗೆ ಕಾಣದ ಕಡೆ, ಉಳಿಯನ್ನು ಅಂದಾಜಿನ ಮೇಲೆ ಅಲ್ಲ, ಡಯಲ್ ನೋಡಿಕೊಂಡು ತಳ್ಳಿದೆ. ಸೆಕ್ಷನ್ ತುದಿಗೆ ಮಾರ್ಕರ್ ಇಂಕು ಬಳಿದು ಮುಚ್ಚಿ ತೆರೆದೆ. ಒಳಗೆ ಪೂರ್ತಿ ಉಂಗುರ ಮೂಡಿತ್ತು, ಎಲ್ಲೂ ಕಡಿದಿರಲಿಲ್ಲ.

ಹೊರಗಿನಿಂದ ನೋಡುವವರಿಗೆ ಈ ಮೆಟ್ಟಿಲು ಕಾಣುವುದೇ ಇಲ್ಲ. ಸ್ಪರ್ಧೆಗೆ ಕಳಿಸುವ ಫೋಟೋದಲ್ಲೂ ಬರುವುದಿಲ್ಲ. ಪೆನ್ನಿನ ನಿಜವಾದ ಕೆಲಸ ಇದರಲ್ಲೇ ಇದೆ ಅಂತ ನನಗೆ ಈ ವಾರ ಅನ್ನಿಸಿದೆ.

ದಿನ 23

ಕ್ಲಿಪ್ ಬೇಡ ಅಂತ ತೀರ್ಮಾನಿಸಿದೆ. ಹಿತ್ತಾಳೆ ತಗಡಿನಲ್ಲಿ ಎರಡು ಮಾಡಿ ನೋಡಿದೆ. ಕಾಯಿಸಿದರೆ ಬಾಗುತ್ತದೆ ಆದರೆ ಸ್ಪ್ರಿಂಗ್ ಹೋಗುತ್ತದೆ, ಕಾಯಿಸದಿದ್ದರೆ ತಿರುವಿನಲ್ಲಿ ಬಿರುಕು. ಸ್ಪ್ರಿಂಗ್‌ಗೆ ಬಳಸುವ ಫಾಸ್ಫರ್ ಬ್ರಾಂಜ್ ಲೋಹ ತಂದು ಸರಿಯಾಗಿ ಮಾಡುವಷ್ಟು ದಿನ ಉಳಿದಿಲ್ಲ. ಕ್ಯಾಪ್‌ನ ಗಟ್ಟಿ ತುದಿಯಲ್ಲಿ 2 ಮಿ.ಮೀ.ನ ಹಿತ್ತಾಳೆ ಗುಂಡಿ ಒಂದನ್ನು ಕೂರಿಸಿದೆ, ಮೇಜಿನ ಮೇಲೆ ಉರುಳದಿರಲಿ ಅಂತ. ನಿಬ್‌ನ ಸೀಳಿಗೆ ನೇರವಾಗಿ ಇಟ್ಟಿದ್ದೇನೆ. ಗುಂಡಿ ಸೀಳಿನ ಸಾಲಿಗೆ ಬಂದರೆ ಮೂರರಲ್ಲಿ ಸರಿಯಾದ ಎಳೆ ಹಿಡಿದಿದ್ದೇವೆ ಅಂತ ಅರ್ಥ.

ದಿನ 25

ಪಾಲಿಶ್. ನೀರು ಹಾಕಿ 400ರಿಂದ 2000ದ ತನಕ ಎಮರಿ ಪೇಪರ್ (ಅಂಕಿ ಹೆಚ್ಚಿದಷ್ಟೂ ಪೇಪರ್ ನುಣುಪು), ಆಮೇಲೆ ಮೆತ್ತನೆಯ ಪ್ಯಾಡ್‌ಗಳಲ್ಲಿ 12000ದ ತನಕ. ತಣ್ಣೀರು ಮಾತ್ರ. ಬಿಸಿನೀರು ತಾಗಿದರೆ ಎಬೊನೈಟ್‌ನ ಬಣ್ಣ ಕೆಡುತ್ತದೆ. ಪ್ರತಿ ಪೇಪರ್ ಮುಗಿದ ಮೇಲೆ ಲೇತ್ ನಿಲ್ಲಿಸಿ ಉದ್ದಕ್ಕೆ ಒಂದು ಸಲ ಉಜ್ಜಿದರೆ ಸುತ್ತುಗೆರೆಗಳು ಉಳಿಯುವುದಿಲ್ಲ. ಬೇಸರದ ಕೆಲಸ ಅಂತಾರೆ. 800 ದಾಟಿದ ಮೇಲೆ ಬೂದು ಮೈಯೊಳಗಿಂದ ಕೆಂಪು ಮೇಲೆ ಬರುವುದನ್ನು ನೋಡುವಾಗ ಬೇಸರ ಆಗಲಿಲ್ಲ.

ಕೊನೆಗೆ ಒಳಗಿನ ಪುಡಿ ತೊಳೆದೆ. ಇದು ಮುಖ್ಯ. ಎಬೊನೈಟ್ ಪುಡಿ ನಾಲಿಗೆಯ ಸಣ್ಣ ಕಾಲುವೆಗೆ ಹೋದರೆ ಇಂಕು ನಿಲ್ಲುತ್ತದೆ. ಇಂಕು ಕೆಳಗೆ ಬರಬೇಕಾದರೆ ಅದರ ಜಾಗಕ್ಕೆ ಗಾಳಿ ಮೇಲೆ ಹೋಗಲೇಬೇಕು. ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದದ್ದು ಇಂಕಿಗೆ ಹೀಗೆ ಹದವಾಗಿ ದಾರಿ ಬಿಡುವ ನಾಲಿಗೆಗೇ.

ದಿನ 27

ಇಂಕು ತುಂಬಿದೆ. ನೀಲಿ. ಮೊದಲ ಗೆರೆ ಬರಲು ಸುಮಾರು ಹತ್ತು ಸೆಕೆಂಡ್ ಹಿಡಿಯಿತು, ಹೊಸ ನಾಲಿಗೆ ಒದ್ದೆಯಾಗುವ ತನಕ. ಆಮೇಲೆ ನಿಲ್ಲಲಿಲ್ಲ. ಎರಡು ಪುಟ ಬರೆದೆ. ಕ್ಯಾಪ್ ಮುಚ್ಚಿ, ನಿಬ್ ಮೇಲೆ ಮಾಡಿ ಲೋಟದಲ್ಲಿ ನಿಲ್ಲಿಸಿದೆ. ಇನ್ನು ಮೂರು ದಿನ ಮುಟ್ಟುವುದಿಲ್ಲ.

ದಿನ 30

ತೆರೆದೆ. ಕಾಗದಕ್ಕೆ ತಾಗಿಸಿದೆ. ಮೊದಲ ಅಕ್ಷರದ ಮೊದಲ ಗೆರೆಯೇ ಪೂರ್ತಿ ಬಂತು. ಒತ್ತಲಿಲ್ಲ, ಕೊಡವಲಿಲ್ಲ.

ಫೋಟೋ ತೆಗೆಯುವುದೊಂದು ಬಾಕಿ. ಮುಚ್ಚಿದ ಪೆನ್ನು ಒಂದು, ತೆರೆದದ್ದು ಒಂದು, ಬಿಡಿಭಾಗಗಳದ್ದು ಒಂದು. ಬಿಡಿಭಾಗಗಳ ಫೋಟೋದಲ್ಲಿ ಮುರಿದ ಆ ಉಂಗುರವನ್ನೂ ಇಡುತ್ತೇನೆ.