ಲೈಸೆನ್ಸ್ ಬೇಡದ ಬೇಟೆ, ಮುಟ್ಟಬಾರದ ಕೋವಿ

ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ ಕಯೋಟಿ ಎಂಬ, ತೋಳದ ಕುಲದ ಕಾಡುಪ್ರಾಣಿಯನ್ನು ಹೊಡೆಯಲು ಲೈಸೆನ್ಸ್ ಬೇಡ. ವರ್ಷದ ಯಾವ ದಿನವಾದರೂ ಸರಿ, ಎಷ್ಟು ಹೊಡೆದರೂ ಸರಿ. ಮುಳ್ಳುಹಂದಿ, ರಕೂನ್, ಸ್ಕಂಕ್‌ಗಳ ಜೊತೆ ಅದನ್ನೂ ಒಂದೇ ಪಟ್ಟಿಗೆ ತುರುಕಿ ಸರ್ಕಾರ ಕೈತೊಳೆದುಕೊಂಡಿದೆ. ದಾರಿಯಲ್ಲಿ ಕೋವಿ ಅಂಗಡಿಯೊಂದಕ್ಕೆ ಹೋಗಿ ವಿಚಾರಿಸಿದಾಗ ಕೌಂಟರಿನವನು ಇದನ್ನೇ ಎದೆಯುಬ್ಬಿಸಿ ಹೇಳಿದ್ದ. ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಪ್ರವಾಸಿ ವೀಸಾದ ಮೇಲೆ ಬಂದವನು ಆ ದೇಶದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್ ಇಲ್ಲದೆ ಕೋವಿ ಕೈಗೆತ್ತಿಕೊಂಡರೆ ಅದು ಕೇಂದ್ರ ಸರ್ಕಾರದ ಕಾನೂನಿನ ಪ್ರಕಾರ ಅಪರಾಧ. ಈ ಉಳಿದರ್ಧ ನನಗೆ ತಿಳಿದದ್ದು ಬೆಳಗಿನ ಜಾವ, ಹಿಮದ ಮೇಲೆ ನಿಂತು ಕೋವಿಗೆ ಕೈ ಚಾಚಿದಾಗ. ಆ ಅಂಗಡಿಯವನ ಮೇಲಿನ ಸಿಟ್ಟು ನನಗಿನ್ನೂ ಇಳಿದಿಲ್ಲ.

ಮಗಳು ಅಳಿಯ ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿದ್ದಾರೆ. ಕಾಫಿ ಕುಯ್ಲು ಮುಗಿಸಿ ಫೆಬ್ರವರಿಯಲ್ಲಿ ಹೋದವನಿಗೆ ಅವರು ತೋರಿಸಬೇಕಾದದ್ದನ್ನೆಲ್ಲ ತೋರಿಸಿದರು. ಡೆನ್ವರ್ ನೋಡಿದೆ, ಮೌಂಟ್ ರಶ್‌ಮೋರ್‌ನ ನಾಲ್ಕು ಕಲ್ಲಿನ ಮುಖ ನೋಡಿದೆ, ಅವುಗಳ ಬಗ್ಗೆ ಬರೆಯಲು ನನ್ನಲ್ಲಿ ಏನೂ ಇಲ್ಲ. ಕೊಡಗಿನವನು, ಕೋವಿ ಕಂಡರೆ ಕಣ್ಣರಳಿಸುವವನು ಎಂದು ಅಳಿಯ ಎಲ್ಲೋ ಬಾಯಿಬಿಟ್ಟಿದ್ದ. ಅವನ ಸಹೋದ್ಯೋಗಿಯ ಮಾವ ಪಕ್ಕದ ವಯೋಮಿಂಗ್‌ನ ಲಸ್ಕ್ ಎಂಬ ಊರಿನ ಹೊರಗೆ ಕುರಿ, ದನ ಸಾಕಿಕೊಂಡಿರುವ ರೈತ. ಕಯೋಟಿ ಬೇಟೆಗೆ ಕರೆದುಕೊಂಡು ಬನ್ನಿ ಎಂದು ಆತನೇ ಫೋನ್ ಮಾಡಿಸಿದ್ದ.

ಶಯೆನ್, ವೀಟ್‌ಲ್ಯಾಂಡ್ ದಾಟಿ ಹೆದ್ದಾರಿ ಬಿಟ್ಟು ಪೂರ್ವಕ್ಕೆ ತಿರುಗಿದ ಮೇಲೆ ಮನುಷ್ಯರು ಮುಗಿದರು. ವಯೋಮಿಂಗ್ ನಮ್ಮ ಕರ್ನಾಟಕಕ್ಕಿಂತ ದೊಡ್ಡದು, ಜನ ಆರು ಲಕ್ಷವೂ ಇಲ್ಲ. ಲಸ್ಕ್ ಇರುವ ನಯೊಬ್ರಾರಾ ಕೌಂಟಿಯಲ್ಲಿ 2020ರ ಗಣತಿಯಲ್ಲಿ ಸಿಕ್ಕವರು 2,467 ಮಂದಿ. ವಿರಾಜಪೇಟೆಯ ಬುಧವಾರದ ಸಂತೆಗೆ ಅದಕ್ಕಿಂತ ಹೆಚ್ಚು ಜನ ಬರುತ್ತಾರೆ. ಬೇಲಿ, ಬೇಲಿಯಾಚೆ ಒಣಹುಲ್ಲು, ಹುಲ್ಲಿನಲ್ಲಿ ಜಿಂಕೆಯಂಥ ಪ್ರಾಂಗ್‌ಹಾರ್ನ್‌ಗಳ ಹಿಂಡು, ಹಿಮ ರಸ್ತೆಗೆ ಬೀಳದಂತೆ ತಡೆಯಲು ನಿಲ್ಲಿಸಿದ ಉದ್ದುದ್ದ ಹಲಗೆಯ ತಟ್ಟಿಗಳು. ಗುಡ್ಡದ ನೆರಳಿನಲ್ಲೇ ಬೆಳೆದ ನನಗೆ ಅಷ್ಟು ಬಯಲನ್ನು ಎಲ್ಲಿಂದ ನೋಡಲು ಶುರುಮಾಡಬೇಕೆಂದೇ ತಿಳಿಯಲಿಲ್ಲ. ಊಟದ ಬಗ್ಗೆ ಒಂದೇ ಮಾತು: ಗೋಮಾಂಸವನ್ನು ಹಿಟ್ಟಿನಲ್ಲಿ ಹೊರಳಿಸಿ ಕರಿದು ಮೇಲೆ ಬಿಳಿ ಗಂಜಿ ಸುರಿದು ಕೊಡುತ್ತಾರೆ. ಕಾಚಂಪುಳಿಯ ಹುಳಿ ಹಾಕಿದ ನಮ್ಮ ಪಂದಿಕರಿ ತಿಂದ ನಾಲಗೆಗೆ ಅದು ಶಿಕ್ಷೆ. ಕಾಫಿಯ ವಿಚಾರ ಬೆಳೆಗಾರನ ಬಾಯಿಂದ ಬರುವುದು ಬೇಡ.

ರೈತನಿಗೆ ಎಪ್ಪತ್ತೆಂಟು. ಅಡುಗೆಮನೆಯ ಮೇಜಿನ ಮೇಲೆ ಹಳೆಯ ಕಂಬಳಿ ಹಾಸಿ ಕೋವಿ ಮಲಗಿಸಿದ್ದ. ರೆಮಿಂಗ್ಟನ್ 722, .222 ತೋಟಾದ್ದು. ಈ ತೋಟಾ 1950ರಲ್ಲಿ ಇದೇ ಮಾಡೆಲ್ ಕೋವಿಯ ಜೊತೆ ಮಾರುಕಟ್ಟೆಗೆ ಬಂತು, ಇವನ ಅಪ್ಪ ಅದಾಗಿ ಕೆಲವೇ ವರ್ಷಗಳಲ್ಲಿ ಕೊಂಡನಂತೆ. 26 ಇಂಚಿನ ನಳಿಗೆ, ಕೆತ್ತನೆಯೇ ಇಲ್ಲದ ವಾಲ್‌ನಟ್ ಮರದ ಹಿಡಿ. ಎರಡು ತಲೆಮಾರು ಅಂಗೈಯಲ್ಲಿ ತೂಗಿಸಿಕೊಂಡು ನಡೆದದ್ದಕ್ಕೆ ಬೋಲ್ಟಿನ ಕೆಳಗೆ ಉಕ್ಕಿನ ಕಪ್ಪು ಬಣ್ಣ ಪೂರ್ತಿ ಹೋಗಿ ಬೆಳ್ಳಿಯ ಬಣ್ಣ ಬಂದಿತ್ತು. ಬೆರಳಿಟ್ಟು ನೋಡಬೇಕೆನಿಸಿತು. ಸೈನ್ಯದ ಎಂ-16 ರೈಫಲ್ಲಿನ ತೋಟಾ ಇದನ್ನೇ ಹಿಗ್ಗಿಸಿ ಮಾಡಿದ್ದು. ಮಗ ಬಂದ ಮೇಲೆ ಅಪ್ಪನನ್ನು ಕೇಳುವವರಿಲ್ಲದ ಹಾಗೆ .222 ಅಂಗಡಿಗಳಲ್ಲಿ ಅಪರೂಪವಾಯಿತು. ಹಾಗಾಗಿ ಖಾಲಿ ತೋಟಾಗಳನ್ನು ಆತ ಚಳಿಗಾಲದ ಸಂಜೆ ತಾನೇ ಮತ್ತೆ ತುಂಬುತ್ತಾನೆ. ಗುಂಡು 50 ಗ್ರೇನ್, ನಮ್ಮ ಲೆಕ್ಕದಲ್ಲಿ ಮೂರೂಕಾಲು ಗ್ರಾಂ. ಸೆಕೆಂಡಿಗೆ ಒಂಬೈನೂರು ಮೀಟರಿಗೂ ಮೇಲ್ಪಟ್ಟ ವೇಗ. ಹೆಗಲಿಗೆ ಒದೆಯುವುದೇ ಇಲ್ಲ, ಪ್ರಾಣಿಯ ತೊಗಲನ್ನೂ ಹರಿಯುವುದಿಲ್ಲ ಎಂದ.

ಬೆಳಿಗ್ಗೆ ಪಿಕಪ್ಪಿನಿಂದ ಇಳಿದಾಗ ಇದನ್ನು ನಾನು ಹಿಡಿದುಕೊಳ್ಳುತ್ತೇನೆ ಎಂದು ಕೈ ಚಾಚಿದೆ. ಆತ ಕೋವಿಯನ್ನು ಎದೆಗೊತ್ತಿಕೊಂಡು ಹಿಂದೆ ಸರಿದ. “ನಿಮ್ಮ ಪಾಸ್‌ಪೋರ್ಟಿನಲ್ಲಿ ಯಾವ ವೀಸಾ ಇದೆ?” ಹತ್ತೊಂಬತ್ತು ಡಿಗ್ರಿ ಮೈನಸ್ ಚಳಿಯಲ್ಲಿ ಯಾರೂ ಯಾರನ್ನೂ ಕೇಳಬಾರದ ಪ್ರಶ್ನೆ. ಅವನ ಅಳಿಯ ರಾತ್ರಿ ಫೋನ್ ಮಾಡಿ ಕಾನೂನು ಓದಿ ಹೇಳಿದ್ದನಂತೆ. ನಾನು ಮುಟ್ಟಿದರೆ ನನಗೂ ಕಷ್ಟ, ಕೊಟ್ಟದ್ದಕ್ಕೆ ಅವನಿಗೂ ಕಷ್ಟ. “ಅಪ್ಪನ ಕೋವಿ. ಪೊಲೀಸರ ಕಪಾಟಿನಲ್ಲಿ ಕೂರುವುದು ಬೇಡ,” ಎಂದ. ನಾನು ಕೂರುವ ಮಣೆ ಹೊತ್ತೆ.

ಪಿಕಪ್ಪನ್ನು ದಿಬ್ಬದ ಹಿಂದೆ ಮರೆಮಾಡಿ, ಬಾಗಿಲು ಬಡಿಯದೆ ಒತ್ತಿ ಮುಚ್ಚಿ, ಗಾಳಿ ಮುಖಕ್ಕೆ ಬರುವಂತೆ ನಡೆದು ಸೇಜ್ ಪೊದೆಗೆ ಬೆನ್ನುಕೊಟ್ಟು ಕೂತೆವು. ಕಯೋಟಿ ನರಿಗಿಂತ ದೊಡ್ಡದು, ತೋಳಕ್ಕಿಂತ ಸಣ್ಣದು. ಬುದ್ಧಿಯಲ್ಲಿ ಎರಡಕ್ಕೂ ಮೇಲು ಎಂಬುದು ಇಲ್ಲಿನವರ ಮಾತು. ಸದ್ದು ಕೇಳಿದ ಕಡೆಗೆ ನೇರ ಬರದೆ ಸುತ್ತು ಹಾಕಿ, ಗಾಳಿಯ ಕೆಳಗಿನಿಂದ ಮೂಸಿ ನೋಡಿ ಬರುತ್ತದೆ. ಈಗಿನ ಹುಡುಗರು ರಿಮೋಟ್ ಇರುವ ಸ್ಪೀಕರ್ ಇಟ್ಟು, ರಾತ್ರಿ ಶಾಖದಿಂದ ಪ್ರಾಣಿ ಕಾಣಿಸುವ ಸ್ಕೋಪ್ ಹಾಕಿ ಹೊಡೆಯುತ್ತಾರೆ. ಅದನ್ನು ಬೇಟೆ ಎನ್ನಲು ನನಗೆ ಮನಸ್ಸಿಲ್ಲ, ಅವನಿಗೂ ಇರಲಿಲ್ಲ. ಅವನದು ಬಾಯಲ್ಲಿ ಊದುವ ಮರದ ಪೀಪಿ. ಉಸಿರಿನ ತೇವಕ್ಕೆ ಒಳಗಿನ ನಾಲಗೆ ಹೆಪ್ಪುಗಟ್ಟುತ್ತದೆಂದು ಅದನ್ನು ಅಂಗಿಯೊಳಗೆ ಎದೆಗೆ ತಾಗಿಸಿ ಇಟ್ಟುಕೊಂಡಿದ್ದ. ಊದಿದರೆ ಸಾಯುತ್ತಿರುವ ಮೊಲ. ಅದೆಂಥ ಸಂಕಟದ ಕೂಗೆಂದರೆ ಮೊದಲ ಸಲ ನಾನೇ ಬೆಚ್ಚಿದೆ.

ಮೊದಲ ಜಾಗದಲ್ಲಿ ಏನೂ ಬರಲಿಲ್ಲ. ಎರಡನೆಯದರಲ್ಲಿ ಬಂಗಾರದ ಕತ್ತಿನ ಹದ್ದೊಂದು ನಮ್ಮ ತಲೆಯ ಮೇಲೆಯೇ ಇಳಿಯುವಷ್ಟು ಕೆಳಗೆ ಬಂತು. ಮೊಲ ಕಾಣದೆ ಮನುಷ್ಯರು ಕಂಡದ್ದಕ್ಕೆ ಅಸಹ್ಯಪಟ್ಟುಕೊಂಡು ಹೋಯಿತು. ಮೂರನೆಯ ಕಡೆ, ಊದಲು ಶುರುಮಾಡಿ ಹತ್ತು ನಿಮಿಷವಾಗಿರಬಹುದು, ಅವನ ಮೊಣಕೈ ನನ್ನ ಪಕ್ಕೆಗೆ ತಾಗಿತು. ಬಲಗಡೆ ಹಳ್ಳದ ಅಂಚಿನಲ್ಲಿ ಎರಡು. ಫೆಬ್ರವರಿ ಅವು ಜೋಡಿಯಾಗುವ ಕಾಲ. ಹಿಂದಿನದು ನಿಂತೇ ಇತ್ತು, ಮುಂದಿನದು ಕುಣಿಯುವ ಹೆಜ್ಜೆಯಲ್ಲಿ ಬಂತು. ಬೂದು ಬೆನ್ನು, ಕೆಂಚು ಕಾಲು, ಚಳಿಗಾಲದ ದಪ್ಪ ತುಪ್ಪಳ. ಆತ ಬಲಗೈ ಗವಸನ್ನು ಹಲ್ಲಿನಿಂದ ಎಳೆದು ಬೀಳಿಸಿದ. ನೂರೈವತ್ತು ಗಜದಲ್ಲಿ ‘ವುಫ್’ ಎಂದು ನಾಯಿಯ ಹಾಗೆ ಒಂದು ಸಣ್ಣ ಸದ್ದು ಮಾಡಿದ. ಕಯೋಟಿ ನಿಂತು ನಮ್ಮತ್ತ ನೋಡಿತು. ಹೊಡೆತದ ಸದ್ದು ನಮ್ಮ ತೋಟಾ ಕೋವಿಯ ಗುಡುಗಿನ ಹತ್ತಿರಕ್ಕೂ ಇಲ್ಲ, ಚುರುಕಾದ ಒಂದು ಪಟ್. ಬಿದ್ದದ್ದು ಅಲುಗಲಿಲ್ಲ. ಹಿಂದಿನದು ಹಳ್ಳಕ್ಕೆ ಹಾರಿತು. ಆಮೇಲೆ ಎಷ್ಟೋ ಹೊತ್ತು ಕಾಣದ ಕಡೆಯಿಂದ ಬೊಗಳುತ್ತಲೇ ಇತ್ತು. ಅವನು ಮತ್ತೊಂದು ತೋಟಾ ಹಾಕಲಿಲ್ಲ. ನಾನು ಯಾಕೆಂದು ಕೇಳಲಿಲ್ಲ.

ಹೀಟರ್ ಹಾಕಿಕೊಂಡು ಪಿಕಪ್ಪಿನಲ್ಲಿ ಕೂತಾಗ ಮಾತು ಶುರುವಾಯಿತು. ಇಡೀ ಪ್ರವಾಸದಲ್ಲಿ ನನಗೆ ಬೇಕಾದದ್ದು ಅದೇ.

“ನಿಮ್ಮಲ್ಲಿ ಕೋವಿ ಇಟ್ಟುಕೊಳ್ಳಲು ಬಿಡುತ್ತಾರಾ?”

ಕೊಡವರಿಗೆ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದೆ ಎಂದೆ.

“ಹಾಗಾದರೆ ಬೇಟೆಗೆ ಏನೂ ತೊಂದರೆ ಇಲ್ಲ.”

ಬೇಟೆ ಪೂರ್ತಿ ನಿಷೇಧ, 1972ರ ವನ್ಯಜೀವಿ ಕಾಯ್ದೆ ಎಂದೆ. ಆತ ಸ್ಟೇರಿಂಗ್ ಮೇಲೆ ಹಣೆಯಿಟ್ಟು ನಕ್ಕ. “ಅಂದರೆ ನಿಮ್ಮ ಮನೆಯಲ್ಲಿ ಕೋವಿಗೆ ಲೈಸೆನ್ಸ್ ಬೇಡ, ಹೊಡೆಯಲು ಏನೂ ಇಲ್ಲ. ಇಲ್ಲಿ ಪ್ರಾಣಿಗೆ ಲೈಸೆನ್ಸ್ ಬೇಡ, ನಿಮಗೆ ಕೋವಿ ಇಲ್ಲ!”

ಅದೇ 1972ರಲ್ಲೇ ಅಧ್ಯಕ್ಷ ನಿಕ್ಸನ್ ಕೇಂದ್ರ ಸರ್ಕಾರದ ಭೂಮಿಯಲ್ಲಿ ಕಯೋಟಿಗೆ ವಿಷವಿಡುವುದನ್ನು ನಿಲ್ಲಿಸಿದ್ದು, ಅವತ್ತು ಅಪ್ಪ ಸಿಟ್ಟಿನಿಂದ ರೇಡಿಯೋ ಆರಿಸಿದ್ದು ನೆನಪಿದೆ ಎಂದ. ಸರ್ಕಾರದ ಬೇಟೆಗಾರರು ಈಗಲೂ ವರ್ಷಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಕಯೋಟಿ ಕೊಲ್ಲುತ್ತಾರೆ. ಆದರೂ ಅದು ಕಡಿಮೆಯಾಗುವ ಬದಲು ಪೂರ್ವ ಕರಾವಳಿವರೆಗೂ ಹಬ್ಬಿ ನ್ಯೂಯಾರ್ಕಿನ ಪಾರ್ಕಿನಲ್ಲೂ ಓಡಾಡುತ್ತಿದೆ. “ಕುರಿಮರಿ ಉಳಿಸುವುದು ಕೋವಿಯಲ್ಲ, ನನ್ನ ಬಿಳಿ ನಾಯಿಗಳು,” ಎಂದ. ಕುರಿಹಿಂಡಿನ ಜೊತೆಗೇ ಬೆಳೆಯುವ ಪಿರೆನೀಸ್ ತಳಿಯ ಕಾವಲು ನಾಯಿಗಳವು. ಮತ್ತೆ ಯಾಕೆ ಹೊಡೆಯುತ್ತೀರಿ ಎಂದೆ. ಆತ ಸ್ವಲ್ಪ ಹೊತ್ತು ಗಾಜು ಒರೆಸಿದ. “ಈ ಕೋವಿಗೆ ಬೇರೆ ಕೆಲಸ ಗೊತ್ತಿಲ್ಲ.”

ನಮ್ಮ ಕೋವಿಗೆ ಏನು ಕೆಲಸ ಎಂದು ತಿರುಗಿ ಕೇಳಿದ. ಹೇಳಿದೆ. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ಒರೆಸಿ, ಗಂಧವಿಟ್ಟು, ನಳಿಗೆಗೆ ತೋಕ್ ಪೂ ಎಂಬ ಕೋವಿ ಹೂ ಸಿಕ್ಕಿಸಿ ಪೂಜೆ. ಸುಗ್ಗಿಯ ಹಬ್ಬ ಪುತ್ತರಿಗೆ ಕದಿರು ತೆಗೆಯುವ ಮೊದಲು ಗಾಳಿಯಲ್ಲಿ ಗುಂಡು. ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು, ಊರಿಗೆ ತಿಳಿಯಲಿ ಎಂದು.

“ಹೆಣ್ಣು ಹುಟ್ಟಿದರೆ?”

ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಮಗಳು ಗಂಟಲು ಸರಿಮಾಡಿಕೊಂಡಳು. ನಾನು ಕಿಟಕಿಯ ಹೊರಗೆ ನೋಡಿದೆ.

ಮಧ್ಯಾಹ್ನ ಊರಿಗೆ ಹೋಗಿ ನನಗೆ ಸಣ್ಣ ಪ್ರಾಣಿಗಳ ಬೇಟೆಯ ಲೈಸೆನ್ಸ್ ಮಾಡಿಸಿದೆವು. 1966ರಿಂದ ಈಚೆಗೆ ಹುಟ್ಟಿದವರು ಬೇಟೆ ಸುರಕ್ಷತೆಯ ಕೋರ್ಸ್ ಮಾಡಿರಬೇಕು, ನನ್ನ ವಯಸ್ಸು ಅಲ್ಲಿ ಒಂದು ಸಲ ಉಪಯೋಗಕ್ಕೆ ಬಂತು. ವೀಸಾದ ಮೇಲೆ ಹೋಗುವ ನಮ್ಮವರು ಯಾರಾದರೂ ಇಂಥ ಆಸೆ ಇಟ್ಟುಕೊಂಡಿದ್ದರೆ, ಪ್ರಾಣಿಗೆ ಬೇಕೋ ಬೇಡವೋ, ಮೊದಲು ಯಾವುದಾದರೂ ಬೇಟೆಯ ಲೈಸೆನ್ಸ್ ಕೊಂಡು ಜೇಬಿನಲ್ಲಿಟ್ಟುಕೊಳ್ಳಿ. ಅಂಗಡಿಯವನ ಬಾಯಿಮಾತು ನಂಬಬೇಡಿ.

ಸಂಜೆ ಕೊಟ್ಟಿಗೆಯ ಹಿಂದೆ ನೂರು ಗಜಕ್ಕೆ ರಟ್ಟಿನ ಪೆಟ್ಟಿಗೆ ಇಟ್ಟು ಕೋವಿ ಕೈಗೆ ಕೊಟ್ಟ. ಬೋಲ್ಟ್ ಎಣ್ಣೆಯಲ್ಲಿ ಜಾರಿದ ಹಾಗೆ ಸರಿಯಿತು. ಕೋವಿಯ ಕುದುರೆಗೆ (ಟ್ರಿಗರ್‌ಗೆ) ಬೆರಳು ತಾಗಿಸಿದ್ದೇ ಗೊತ್ತು, ಹೊಡೆದಾಗಿತ್ತು. ಮೂರು ಗುಂಡು, ಮೂರನ್ನೂ ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ಇಂಥ ಕೋವಿ ನಮ್ಮ ಮನೆಯಲ್ಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ಹೊರಡುವಾಗ ಕೈಲ್ ಮುಹೂರ್ತ ಯಾವಾಗ ಎಂದು ಆತ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 3ಕ್ಕೆ ಗುರುತು ಹಾಕಿಕೊಂಡ. ಬರುವಾಗ ಏನು ತರಲಿ ಎಂದ. ಕೋವಿ ಒಂದನ್ನು ಬಿಟ್ಟು ಏನನ್ನಾದರೂ ತನ್ನಿ, ಕಸ್ಟಮ್ಸಿನವರಿಗೆ ನಾನು ಉತ್ತರ ಹೇಳಲಾರೆ ಎಂದೆ.