ಬೆಕ್ಕಿಗೆ ಇನ್ಸುಲಿನ್: ಡೋಸ್ ಬರೆಯುವ ಮುಂಚೆ ಮನೆಯವರ ದಿನಚರಿ ಕೇಳಬೇಕು

ಬೆಂಗಳೂರಿನ ಒಂದು ಪೆಟ್ ಕ್ಲಿನಿಕ್‌ನಲ್ಲಿ ನಾನು ಡಾಕ್ಟರ್. ಬೆಕ್ಕಿಗೆ ಶುಗರ್ ಇದೆ ಅಂದ ತಕ್ಷಣ ಮನೆಯವರು ಕೇಳುವುದು ಒಂದೇ, "ಎಷ್ಟು ಯೂನಿಟ್ ಮೇಡಂ?" ಅದಕ್ಕೆ ಉತ್ತರ ಕೊಡುವ ಮೊದಲು ನಾನು ಬೇರೆಯದೇ ಕೇಳುತ್ತೇನೆ. ಬೆಳಿಗ್ಗೆ ಬೆಕ್ಕಿಗೆ ಊಟ ಹಾಕುವುದು ಯಾರು? ರಾತ್ರಿ ಅದೇ ಹೊತ್ತಿಗೆ ಮನೆಯಲ್ಲಿ ಯಾರಿರುತ್ತಾರೆ? ಊರಿಗೆ ಹೋದರೆ ಚುಚ್ಚುವವರು ಯಾರು?

ಸಾಮಾನ್ಯವಾಗಿ ಬೆಕ್ಕಿಗೆ 12 ಗಂಟೆಗೊಮ್ಮೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಬೇಕು. ಬೆಳಿಗ್ಗೆ 7, ರಾತ್ರಿ 7 ಅಂತ ಚೀಟಿಯಲ್ಲಿ ಬರೆಯೋದು ಸುಲಭ. ಆದರೆ ವೈಟ್‌ಫೀಲ್ಡ್‌ನಲ್ಲಿ ಆಫೀಸು ಮುಗಿಸಿ ವಿಜಯನಗರಕ್ಕೆ ಬರುವವರು 7ಕ್ಕೆ ಮನೆ ಸೇರುತ್ತಾರಾ? ಅವರಿಗೆ ಬೆಳಿಗ್ಗೆ 9, ರಾತ್ರಿ 9 ಸರಿ. ಅರ್ಧ ಗಂಟೆ ಆಚೀಚೆ ಆದರೆ ಪರವಾಗಿಲ್ಲ. ಒಂದು ಡೋಸ್ ತಪ್ಪಿಹೋದರೂ ಗಾಬರಿ ಬೇಡ, ಮುಂದಿನದನ್ನು ಅದರ ಹೊತ್ತಿಗೆ, ಅಷ್ಟೇ ಪ್ರಮಾಣದಲ್ಲಿ ಕೊಡಿ.

ನನಗೆ ನಿಜವಾಗಿ ಭಯ ಇರೋದು ಎರಡು ಸಲ ಬೀಳುವ ಡೋಸ್ ಬಗ್ಗೆ. ಗಂಡ ಚುಚ್ಚಿ ವಾಕಿಂಗ್ ಹೋಗಿರುತ್ತಾರೆ, ಗೊತ್ತಿಲ್ಲದೆ ಹೆಂಡತಿ ಇನ್ನೊಂದು ಸಲ ಚುಚ್ಚುತ್ತಾರೆ. ಅದಕ್ಕೇ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರ್‌ನಲ್ಲೇ ಟೈಮ್ ಬರೆದು, ಕೊಟ್ಟವರು ತಮ್ಮ ಹೆಸರಿನ ಮೊದಲ ಅಕ್ಷರ ಹಾಕಬೇಕು ಅಂತ ಹೇಳುತ್ತೇನೆ. ಕೊಟ್ಟೆನೋ ಇಲ್ಲವೋ ಅಂತ ಅನುಮಾನ ಬಂದರೆ ಕೊಡಲೇಬೇಡಿ. ಒಂದು ಹೊತ್ತು ಶುಗರ್ ಜಾಸ್ತಿ ಇದ್ದರೆ ಸುಧಾರಿಸಬಹುದು, ತೀರಾ ಕಡಿಮೆಯಾದರೆ ಬೆಕ್ಕು ತೂರಾಡುತ್ತದೆ, ನಡುಗುತ್ತದೆ, ಫಿಟ್ಸ್ ಬರಬಹುದು, ಜೀವವೇ ಹೋಗಬಹುದು. ಆಗ ವಸಡಿಗೆ ಜೇನುತುಪ್ಪ ಸವರಿ ತಕ್ಷಣ ಕರೆದುಕೊಂಡು ಬನ್ನಿ. ಬೆಕ್ಕು ಊಟ ಬಿಟ್ಟಿದ್ದರೆ, ವಾಂತಿ ಮಾಡಿದ್ದರೆ ಕೇಳದೆ ಚುಚ್ಚಬೇಡಿ.

ಇನ್ನೊಂದು ವಿಷಯ ಸಿರಿಂಜ್. ಮೊದಲ ದಿನವೇ ಬಾಟಲಿ, ಸಿರಿಂಜ್ ಎರಡನ್ನೂ ತರಿಸಿ, ನನ್ನೆದುರೇ ಬರೀ ನೀರು ಎಳೆದು ತೋರಿಸಿ ಅನ್ನುತ್ತೇನೆ. ಒಬ್ಬರು ಹಿರಿಯರು, ಅವರಿಗೂ ಶುಗರ್, "ನಂಗೆ ಇದೇನು ಹೊಸದಲ್ಲಮ್ಮ, ಮನೇಲೇ ಸಿರಿಂಜ್ ಇದೆ" ಅಂದರು. ಕೈ ಒಂಚೂರೂ ನಡುಗಲಿಲ್ಲ, ಸರಿಯಾಗಿ ಒಂದು ಗೆರೆಗೆ ಎಳೆದರು. ಆದರೆ ಬೆಕ್ಕಿಗೆ ಬರೆದಿದ್ದ ಗ್ಲಾರ್ಜಿನ್ ಅನ್ನೋ ಇನ್ಸುಲಿನ್ ಬಾಟಲಿ ಮೇಲೆ 100 ಅಂತ ಇತ್ತು, ಅಂದರೆ ಒಂದು ಮಿಲಿಯಲ್ಲಿ 100 ಯೂನಿಟ್. ಅವರ ಕೈಯಲ್ಲಿದ್ದದ್ದು ಕೆಂಪು ಮುಚ್ಚಳದ 40ರ ಸಿರಿಂಜ್, ಮಿಲಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ ಮಾಡಿದ್ದು. ಆ ಸಿರಿಂಜ್‌ನಲ್ಲಿ ಒಂದು ಗೆರೆ ಅಂದರೆ 0.025 ಮಿಲಿ. 100ರ ಬಾಟಲಿಯಿಂದ ಅಷ್ಟು ಎಳೆದರೆ 2.5 ಯೂನಿಟ್ ಆಗುತ್ತದೆ. ಆ ಬೆಕ್ಕಿಗೆ ಬರೆದದ್ದು 1 ಯೂನಿಟ್! ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನಂಬರ್ ಓದಿ, ಸುಮ್ಮನೆ ಹೋಗಿ ಕಿತ್ತಳೆ ಮುಚ್ಚಳದ್ದು ತಂದರು. ಬಣ್ಣ ನಂಬಬೇಡಿ, ನಂಬರ್ ಓದಿ.

ಡೋಸ್ ಏರಿಸೋದಕ್ಕೆ ಅವಸರ ಬೇಡ. ಬುಟ್ಟಿಯಲ್ಲಿ ಕೂತು, ಆಟೋ ಸದ್ದು ಕೇಳಿ, ಕ್ಲಿನಿಕ್‌ನಲ್ಲಿ ನಾಯಿ ನೋಡಿದ ಬೆಕ್ಕಿಗೆ ಹೆದರಿಕೆಯಿಂದಲೇ ಶುಗರ್ ಏರುತ್ತದೆ, ಕಾಯಿಲೆ ಇಲ್ಲದ ಬೆಕ್ಕಿಗೂ ಅಷ್ಟೇ. ಹಾಗಾಗಿ ಇಲ್ಲಿ ಬಂದ ಒಂದು ನಂಬರ್ ನೋಡಿ ನಾನು ಡೋಸ್ ಬದಲಾಯಿಸುವುದಿಲ್ಲ. ಮನೆಯಲ್ಲೇ ಕಿವಿಯಂಚಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು, 12 ಗಂಟೆ ಕಾಲ 2 ಗಂಟೆಗೊಮ್ಮೆ ಶುಗರ್ ಮೀಟರ್‌ನಲ್ಲಿ ನೋಡಿದರೆ ಔಷಧ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಯುತ್ತದೆ. ನಾನು ಮೊದಲು ಹುಡುಕುವುದು ಅದರಲ್ಲಿ ತೀರಾ ಕೆಳಗಿನ ನಂಬರನ್ನು, ಅದು 80ರಿಂದ 150ರ ಒಳಗಿದ್ದರೆ ಖುಷಿ. ಮನೆಯಲ್ಲಿ ಹೀಗೆ ನೋಡಲು ಆಗದಿದ್ದರೆ ಫ್ರಕ್ಟೋಸಮೈನ್ ಅನ್ನೋ ರಕ್ತ ಪರೀಕ್ಷೆ ಹಿಂದಿನ ಒಂದೆರಡು ವಾರದ ಶುಗರ್‌ನ ಅಂದಾಜು ಕೊಡುತ್ತದೆ. ನೀರು ಎಷ್ಟು ಕುಡಿಯುತ್ತಿದೆ, ತೂಕ ಇಳಿಯುತ್ತಿದೆಯಾ ಅನ್ನೋದನ್ನೂ ಬರೆದಿಡಿ.

ಊಟದ ವಿಷಯವೂ ಇದರ ಜೊತೆಗೇ ಬರುತ್ತದೆ. ನಮ್ಮ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನ. ಮಾಂಸ ತಿನ್ನುವ ಪ್ರಾಣಿ ಅಲ್ವಾ ಅದು, ಅಷ್ಟು ಅನ್ನ ಅದಕ್ಕೆ ಬೇಡ. ಆದರೆ ಇನ್ಸುಲಿನ್ ಶುರುವಾದ ಮೇಲೆ ನನಗೆ ಹೇಳದೆ ಅನ್ನ ನಿಲ್ಲಿಸಿ ವೆಟ್ ಫುಡ್‌ಗೆ ಹೋಗಬೇಡಿ, ಅದೇ ಡೋಸ್ ಆಗ ಜಾಸ್ತಿಯಾಗಬಹುದು. ಬೇಗ ಚಿಕಿತ್ಸೆ ಶುರುವಾದ ಕೆಲವು ಬೆಕ್ಕುಗಳಿಗೆ ಇನ್ಸುಲಿನ್ ಬೇಡವೇ ಆಗುವುದೂ ಉಂಟು. ಅದಕ್ಕೇ ಮೀಟರ್‌ನಲ್ಲಿ 80ಕ್ಕಿಂತ ಕೆಳಗೆ ಬಂದರೆ ಮುಂದಿನ ಚುಚ್ಚುಮದ್ದು ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ, ಎಷ್ಟೇ ಹೊತ್ತಾಗಿರಲಿ.